ಮುಕ್ತಾ ಕೂರುವ ಮಣೆ

ಯಂತ್ರ ಬರುವ ಹಿಂದಿನ ದಿನ ದಾನೇಶ್ವರಿ ಅಡುಗೆಮನೆಗೆ ಸುಣ್ಣ ಬಳಿದಳು.

ಬಳಿಯಬೇಕೆಂದು ಯಾರೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದಿಂದ ಬಂದಿದ್ದ ಸುನಂದಾ ಎಂಬ ಹುಡುಗಿ ಕಟ್ಟೆಯ ಮೇಲೆ ಕೂತು ಹೇಳಿದ್ದು ಬೇರೆಯೇ. "ಅಕ್ಕಾರ, ನೀವು ದಿನಾ ಹೆಂಗ ಇರ್ತೀರಿ ಹಂಗ ಇರ್ರಿ. ನಮ್ಮ ಸಲುವಾಗಿ ಏನೂ ಮಾಡಾಕ ಹೋಗಬ್ಯಾಡ್ರಿ." ಆದರೆ ಮನೆಗೆ ಬರುವವರು ಯಾರು ಹಾಗೆ ಹೇಳುವುದಿಲ್ಲ? ಬೀಗರು ಕೂಡ ಅದನ್ನೇ ಹೇಳುತ್ತಾರೆ. ಅವರು ಹೇಳಿದರೆಂದು ಯಾವ ಹೆಣ್ಣುಮಗಳೂ ಸುಮ್ಮನೆ ಕೂರುವುದಿಲ್ಲ.

ಬರುವವರು ಏನು ಮಾಡುತ್ತಾರೆಂಬುದನ್ನು ಸುನಂದಾ ಬಿಡಿಸಿ ಹೇಳಿದ್ದಳು. ವಿಜ್ಞಾನದವರು ಅಡುಗೆಮನೆಯಲ್ಲಿ ಒಂದು ಯಂತ್ರ ತೂಗುಹಾಕಿ ಹೊಗೆ ಎಷ್ಟಿದೆ ಎಂದು ಅಳೆಯುತ್ತಾರೆ. ವೈದ್ಯಕೀಯದವರು ಶಾಲೆಯಲ್ಲಿ ಮಕ್ಕಳ ಉಸಿರು ಪರೀಕ್ಷೆ ಮಾಡುತ್ತಾರೆ. ಸಮಾಜಶಾಸ್ತ್ರದ ಸುನಂದಾ, ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಏನು ಉರಿಸುತ್ತಾರೆ, ಎಷ್ಟು ಹೊತ್ತು ಅಡುಗೆ ಮಾಡುತ್ತಾರೆ ಎಂದು ಕೇಳುತ್ತಾಳೆ. ಜೊಯಿಡಾದ ಕಾಡಿನೊಳಗಿನ ಊರುಗಳು, ಮುಂಡಗೋಡದ ಟಿಬೆಟನ್ ಕಾಲೊನಿ, ಹಳಿಯಾಳದ ಸುತ್ತಲಿನ ಹಳ್ಳಿಗಳು, ಎಲ್ಲ ಕಡೆಯೂ ಇದೇ ಕೆಲಸ ನಡೆದಿದೆ. "ಮೂರೂ ಕೂಡಿಸಿ ನೋಡಿದಾಗನ ಗೊತ್ತಾಗ್ತೈತ್ರಿ, ಸಣ್ಣ ಹುಡುಗೂರು ಯಾಕ ಹಿಂಗ ಕೆಮ್ಮತಾವ ಅಂತ."

ಕೆಮ್ಮು ಎಂದಾಗ ದಾನೇಶ್ವರಿಗೆ ಮಗಳು ಮುಕ್ತಾ ನೆನಪಾದಳು. ಮುಕ್ತಾ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ದೀಪಾವಳಿಗೆ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಸುನಂದಾಳವರ ಯೋಜನೆಗೆ ತಮ್ಮ ಮನೆಯ ಹೆಸರು ಬರೆಸಿದ್ದೇ ಆ ಮಗುವಿಗಾಗಿ. ಆದರೂ ಆ ಹೊತ್ತು ಅವಳ ಕಣ್ಣಿಗೆ ಕಂಡದ್ದು ಮಗಳಲ್ಲ, ಅಡುಗೆಮನೆಯ ಕರಿ ಗೋಡೆ.

ಆ ಗೋಡೆಯ ವಿಷಯದಲ್ಲಿ ಅವಳ ಮನಸ್ಸಿಗೆ ಒಂದು ಹಳೆಯ ಗಾಯವಿತ್ತು. ದಾಂಡೇಲಿಯ ಕಾಗದ ಗಿರಣಿಯ ಕ್ವಾರ್ಟರ್ಸಿನಲ್ಲಿ ಇರುವ ನಾದಿನಿ ಹೋದ ಪಂಚಮಿಗೆ ಬಂದವಳು ಎಲ್ಲರೆದುರು ಮೂಗಿಗೆ ಸೆರಗು ಹಿಡಿದು, "ಏ ವೈನಿ, ನಿಮ್ಮ ಮನಿಗೆ ಬಂದು ಹೋದ್ರ ಮೂರು ಸಲ ಒಗದರೂ ಸೀರಿ ವಾಸನಿ ಹೋಗೂದಿಲ್ಲ ನೋಡು. ಗ್ಯಾಸ್ ಏನ್ ಮ್ಯೂಜಿಯಮ್‌ದಾಗ ಇಡಾಕ ತಗೊಂಡೀರೇನು?" ಎಂದಿದ್ದಳು. ಎಲ್ಲರೂ ನಕ್ಕರು. ದಾನೇಶ್ವರಿಯೂ ನಕ್ಕಳು, ನಗದೆ ಇನ್ನೇನು ಮಾಡುವುದು?

ಗ್ಯಾಸ್ ಇತ್ತು. ಸಿಲಿಂಡರಿಗೆ ಅರಿಶಿಣ ಕುಂಕುಮವಿತ್ತು, ಒಲೆಗೆ ಕಸೂತಿ ಹಾಕಿದ ಮುಸುಕಿತ್ತು. ಅದರ ಮೇಲೆ ಚಹಾ ಆಗುತ್ತಿತ್ತು, ಬಂದವರಿಗೆ ಉಪ್ಪಿಟ್ಟು ಆಗುತ್ತಿತ್ತು. ದಿನದ ರೊಟ್ಟಿ, ಪಲ್ಯ, ಸಾರು, ಸ್ನಾನದ ನೀರು ಎಲ್ಲ ಮಣ್ಣಿನ ಒಲೆಯ ಮೇಲೆಯೇ. ಅತ್ತೆ ಗುರುಬಸವ್ವನಿಗೆ ಗ್ಯಾಸಿನ ಮೇಲಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಟ್ಟಿಗೆಯೂ, ಕಾಳು ಬಿಡಿಸಿದ ಗೋವಿನಜೋಳದ ದಿಂಡೂ ಹಿತ್ತಲಲ್ಲಿ ರಾಶಿ ಬಿದ್ದಿದ್ದವು. ಇದರಲ್ಲಿ ತಪ್ಪೇನೂ ಇಲ್ಲವೆಂದು ದಾನೇಶ್ವರಿಗೆ ಅನಿಸುತ್ತಿತ್ತು. ಹೊರಗಿನವರು ಒಳಗೆ ಕಾಲಿಟ್ಟಾಗ ಮಾತ್ರ ತಪ್ಪು ಅನಿಸುತ್ತಿತ್ತು.

ಹಾಗಾಗಿ ಸುಣ್ಣ ಬಳಿದಳು. ಒಲೆಯನ್ನು ಸಗಣಿಯಿಂದ ಸಾರಿಸಿ, ಬೂದಿ ತೆಗೆದು, ಅದರ ಬಾಯಿಗೆ ಬುಟ್ಟಿ ಮುಚ್ಚಿದಳು. ಒಲೆಯ ಪಕ್ಕ, ಕಿಡಕಿಯ ಕೆಳಗೆ ಇರುತ್ತಿದ್ದ ಸಣ್ಣ ಮಣೆಯನ್ನು ತೊಳೆದು ಪಡಸಾಲೆಗೆ ಒಯ್ದಿಟ್ಟಳು. ಅದು ಮುಕ್ತಾಳ ಮಣೆ. ಸಂಜೆ ತಾಯಿ ರೊಟ್ಟಿ ಬಡಿಯುವಾಗ ಅವಳು ಅಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು. ಚಳಿಗಾಲದಲ್ಲಿ ಅಲ್ಲಿ ಬೆಚ್ಚಗೆ. ಕರೆಂಟ್ ಹೋದರೂ ಒಲೆಯ ಬೆಳಕು ಇರುತ್ತಿತ್ತು. ತಾಯಿಯ ಕೈ ತಟಪಟ ಬಡಿಯುವ ಲಯಕ್ಕೆ ಮಗಳು ಮಗ್ಗಿ ಹೇಳುವಳು. ಎಲ್ಲಾದರೂ ತಪ್ಪಿದರೆ ತಾಯಿಯ ಕೈ ನಿಲ್ಲುವುದು, ಮಗಳು ಕೂಡಲೇ ತಿದ್ದಿಕೊಳ್ಳುವಳು. ದಿನವೆಲ್ಲ ಓಡಾಡುವ ದಾನೇಶ್ವರಿಗೆ ಮಗಳು ಕೈಗೆ ಸಿಗುತ್ತಿದ್ದ ಹೊತ್ತು ಅದೊಂದೇ.

"ನಾಳಿಂದ ಇಲ್ಲೆ ಕುಂಡ್ರುದು, ತಿಳೀತಿಲ್ಲೊ?" ಎಂದು ಪಡಸಾಲೆ ತೋರಿಸಿದಳು. "ಯಾರರ ಕೇಳಿದ್ರ ದಿನಾ ಇಲ್ಲೇ ಓದ್ತೇನಿ ಅನ್ನಬೇಕು."

"ಇಲ್ಲಿ ಥಂಡಿ ಅವ್ವಾ."

"ಒಂದ ದಿನಾ. ಶ್ಯಾಣ್ಯಾಕಿ ಹೌದಲ್ಲ ನೀ?"

ಮರುದಿನ ಸುನಂದಾಳ ಜೊತೆ ಶರಣಬಸವ ಬಂದ. ವಿಜ್ಞಾನ ವಿಭಾಗದವನು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ತೆಳ್ಳನೆಯ ಯುವಕ. ಅವನ ಚೀಲದಿಂದ ಬಂದದ್ದು ಊಟದ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ, ಪಕ್ಕದಲ್ಲಿ ಒಂದು ತೂತು, ಮೇಲೆ ಹಸಿರು ದೀಪ. "ಅಡಿಗಿ ಮಾಡಾವಾಗ ಎಲ್ಲಿ ಇರ್ತೀರಿ, ಅಕ್ಕಾರ?" ಎಂದು ಕೇಳಿದ. ದಾನೇಶ್ವರಿ ಗ್ಯಾಸಿನ ಕಟ್ಟೆ ತೋರಿಸಿದಳು. ಅವನು ಅದರ ಪಕ್ಕದ ಮೊಳೆಗೆ ಪೆಟ್ಟಿಗೆ ತೂಗುಹಾಕಿದ. ನಾಳೆ ಇದೇ ಹೊತ್ತಿಗೆ ಬಂದು ಒಯ್ಯುತ್ತೇನೆ ಎಂದು ಅಂಗಳಕ್ಕೆ ಇಳಿದವನು ಏನೋ ನೆನಪಾಗಿ ತಿರುಗಿ ಬಂದು ನೋಡಿದರೆ, ಗುರುಬಸವ್ವ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಎಳೆದು, ತೂತಿಗೆ ಸರಿಯಾಗಿ ಒಂದು ದಾಸವಾಳ ಸಿಗಿಸುತ್ತಿದ್ದಳು.

"ಅಯ್ಯ ಅವ್ವಾರ! ಅದು ಉಸರಾಡೂ ಯಂತ್ರಾರೀ. ಮೂಗ ಮುಚ್ಚಿದ್ರ ಹೆಂಗ?"

"ಮನಿಗೆ ಬಂದ ಯಂತ್ರಾ ಬರೇ ಹಣಿಲೆ ಇರಬೇಕೇನಪಾ? ಟ್ರ್ಯಾಕ್ಟರಿಗೆ ಮಾಡೂದಿಲ್ಲೇನು?"

ಅವನು ನಕ್ಕು, ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿ, ಹೂವನ್ನು ಮೊಳೆಗೆ ಸಿಕ್ಕಿಸಿದ. ಸುನಂದಾ ಪಡಸಾಲೆಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದಳು. ಏನು ಉರಿಸುತ್ತೀರಿ? ಗ್ಯಾಸ್. ದಿನಾಲೂ? ದಿನಾಲೂ. ಮಣ್ಣಿನ ಒಲೆ? ಅದು ಹಬ್ಬಕ್ಕೆ, ಹೋಳಿಗೆಗೆ. ಕೊನೆಗೆ ಅವಳು ಮುಕ್ತಾಳನ್ನು ಹತ್ತಿರ ಕರೆದು ಗಲ್ಲ ಹಿಡಿದಳು. "ನೀ ಎಲ್ಲಿ ಕುಂತ ಓದ್ತಿ, ಪುಟ್ಟಿ?"

ಮುಕ್ತಾ ತಾಯಿಯ ಮುಖ ನೋಡಿದಳು. "ಪಡಸಾಲ್ಯಾಗ," ಎಂದಳು. "ಆ ಮಣಿ ಮ್ಯಾಲ."

ಎಷ್ಟು ಚೆಂದ ಹೇಳಿದಳು ಎಂದು ದಾನೇಶ್ವರಿಗೆ ಆಗ ಹಿಗ್ಗೇ ಆಯಿತು.

ಅಂದು ಎರಡು ಹೊತ್ತಿನ ಅಡುಗೆಯೂ ಗ್ಯಾಸಿನ ಮೇಲಾಯಿತು. ಗುರುಬಸವ್ವ ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಂಡು, ಮುಖ ಗಂಟಿಕ್ಕಿ ನುಂಗಿದಳು. ಗಂಡ ಈರೇಶ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟು ಬಂದವನು ಸ್ನಾನಕ್ಕೆ ಬಿಸಿನೀರಿಲ್ಲವೆಂದು ಗೊಣಗಿ, ಹಸಿರು ದೀಪ ನೋಡಿ ಸುಮ್ಮನಾದ.

ಮರುದಿನ ಪೆಟ್ಟಿಗೆ ಹೋದ ಮೇಲೆ ಪಕ್ಕದ ಮನೆಯ ಮಾಲವ್ವ ಗೋಡೆಯಾಚೆಯಿಂದ ಕೇಳಿದಳು, "ಏನ ತಂಗಿ, ಸುಣ್ಣಾ ಭಾಳ ಬೆಳ್ಳಗ ಹತ್ತೇತಿ?"

"ನಿಮ್ಮನಿ ಯಂತ್ರಾ ಏನಂತು, ಮಾಲಕ್ಕಾ? ನಿಮ್ಮಲ್ಲಿ ಗ್ಯಾಸ್ ಇಲ್ಲಲ್ಲ?"

"ಅದಕ್ಕ ಒಲಿನ ಹಚ್ಚಲಿಲ್ಲವಾ. ನಮ್ಮ ತಂಗಿ ಮನ್ಯಾಗ ಉಂಡು ಬಂದ್ವಿ. ಪಾಪ, ಯಂತ್ರಾ ಉಪಾಸ ಮಲಗಿತು!"

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಡೀ ಓಣಿ ಹಾಗೆಯೇ ಮಾಡಿತ್ತು. ಯಾರಿಗೂ ಅದು ಸುಳ್ಳು ಅನಿಸಿರಲಿಲ್ಲ. ಮನೆಗೆ ಬಂದವರೆದುರು ಮನೆಯ ಮಾನ ಉಳಿಸಿಕೊಂಡಿದ್ದರು, ಅಷ್ಟೇ.

ಶಾಲೆಯಲ್ಲಿ ಉಸಿರಿನ ಪರೀಕ್ಷೆ ಅದೇ ವಾರ ನಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು. ಮುಕ್ತಾ ಮನೆಗೆ ಬಂದು ಚೀಲ ಕೂಡ ಇಳಿಸದೆ ಹೇಳಿದಳು, "ಡಾಕ್ಟರಬಾಯಾರು ನನಗ ಮತ್ತ ಮತ್ತ ಊದು ಅಂದ್ರು. ಎಲ್ಲಾರಿಗೂ ಒಂದೆರಡ ಸಲಾನ. ನನಗಷ್ಟ ಭಾಳ ಸಲ." ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿದಿರಲಿಲ್ಲ. ತಾಯಿಗೂ ತಿಳಿಯಲಿಲ್ಲ.

ತಿಳಿದದ್ದು ಸುನಂದಾ ಮತ್ತೆ ಬಂದಾಗ. ಈ ಸಲ ಅವಳು ಚಹಾ ಬೇಡವೆಂದಳು. ಗುರುಬಸವ್ವನ ಪಕ್ಕ ಕೂತು, ಧ್ವನಿ ತಗ್ಗಿಸಿ ಹೇಳಿದಳು, "ಅಕ್ಕಾರ, ಮುಕ್ತಾನ ಉಸಿರು ಆಕಿ ವಯಸ್ಸಿಗೆ ಇರಬೇಕಾದಷ್ಟು ಇಲ್ರಿ. ಮನ್ಯಾಗ ಹೊಗಿ ಇದ್ದಿದ್ರ ಅದ ಕಾರಣ ಅಂತಿದ್ವಿ. ಆದ್ರ ನಿಮ್ಮ ಅಡಿಗಿಮನಿ ಸ್ವಚ್ಛ ಐತಿ. ಹಂಗಾಗಿ ಡಾಕ್ಟರ್ ಮೇಡಮ್ ಬ್ಯಾರೆ ಕಾರಣ ಹುಡುಕಬೇಕು ಅಂತಾರ. ಧಾರವಾಡಕ್ಕ ಕರ್ಕೊಂಡು ಹೋಗಿ ಕೆಲವು ದಿನಾ ಇಟ್ಕೊಂಡು ನೋಡ್ತಾರ. ಎಕ್ಸರೇ, ರಕ್ತಾ, ಕಫಾ, ಎಲ್ಲಾ. ಸೋಮವಾರ ಜೀಪ್ ಬರ್ತೈತಿ. ಅಲ್ಲೀತನಕ ಸಾಲಿಗೆ ಕಳಸಬ್ಯಾಡ್ರಿ."

"ಯಾಕ? ಸಾಲಿಗೆ ಯಾಕ ಕಳಸಬಾರದು?" ಗುರುಬಸವ್ವ ಕೇಳಿದಳು.

"ಟಿ.ಬಿ. ಇಲ್ಲಂತ ಖಾತ್ರಿ ಆಗೂತನಕ, ಅವ್ವಾರ. ಇರೂದಿಲ್ರಿ ಬಹುಶಃ."

ದಾನೇಶ್ವರಿಯ ಕಣ್ಣು ಅಡುಗೆಮನೆಯ ಬಾಗಿಲತ್ತ ಹೋಯಿತು. ಪೆಟ್ಟಿಗೆ ಹೋದ ಮೇಲೆ ಮತ್ತೆ ಹೊತ್ತಿದ ಒಲೆಯ ಹೊಗೆಗೆ ಕಿಡಕಿಯ ಕೆಳಗಿನ ಸುಣ್ಣ ಒಂದೇ ವಾರದಲ್ಲಿ ಕಂದಿತ್ತು. ಈ ಹುಡುಗಿ ಎದ್ದು ನಾಲ್ಕು ಹೆಜ್ಜೆ ಒಳಗೆ ಬಂದರೆ ಅದು ಕಾಣುತ್ತದೆ. ಬರಲಿ ಎಂದೂ ಅನಿಸಿತು, ಬಾರದಿರಲಿ ಎಂದೂ ಅನಿಸಿತು. ಸುನಂದಾ ಬರಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಮಣೆಯ ಮೇಲೆ ಮುಕ್ತಾ ಕೂತು ಎಲ್ಲ ಕೇಳುತ್ತಿದ್ದಳು. ಅವಳ ತಲೆ ಸವರಿ ಸುನಂದಾ ಹೊರಟುಹೋದಳು.

ಮಾತು ಓಣಿಯಲ್ಲಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಮರುದಿನ ಸಂಜೆ ಮಾಲವ್ವನ ಮೊಮ್ಮಗಳು ಆಡಲು ಬರಲಿಲ್ಲ. ಮಾಲವ್ವ ಗೋಡೆಯಾಚೆಯಿಂದ, "ಹಂಗೇನಿಲ್ಲವಾ, ಅದಕ್ಕ ಥಂಡಿ ಆಗೇತಿ," ಎಂದಳು. ಈ ಸಲ ನಗಲಿಲ್ಲ. ಈರೇಶ ಊಟ ಬಿಟ್ಟು ಎದ್ದ. "ನಮ್ಮ ಮನಿತನದಾಗ ಯಾರಿಗೂ ಇದ್ದಿಲ್ಲ ಆ ರೋಗ," ಎಂದ. ಯಾರಿಗೆ ಹೇಳಿದನೋ.

ಹೇಳಿಬಿಡಬೇಕೆಂದು ದಾನೇಶ್ವರಿ ಪಾತ್ರೆ ತಿಕ್ಕುವಾಗ ನಿಶ್ಚಯ ಮಾಡುತ್ತಿದ್ದಳು. ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ನಿಶ್ಚಯ ಕರಗುತ್ತಿತ್ತು. ಹೇಳಿದರೆ ಓಣಿಯವರೆಲ್ಲರ ಸುಳ್ಳೂ ಹೊರಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಕೇಳುತ್ತಾಳೆ: ಹಾಗಾದರೆ ಮಗು ಎಲ್ಲಿ ಕೂರುತ್ತಿತ್ತು? ಆಗ ಏನು ಹೇಳುವುದು? ನಾನೇ ಕೂರಿಸಿಕೊಳ್ಳುತ್ತಿದ್ದೆ ಎಂದೇ? ಬೆಚ್ಚಗಿರಲಿ ಎಂದೇ? ಧಾರವಾಡದ ದೊಡ್ಡ ಡಾಕ್ಟರಿಗೆ ತಾನಾಗಿಯೇ ಗೊತ್ತಾಗುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡಳು.

ಶನಿವಾರ ಸಂಜೆ ಅವಳು ಹಿತ್ತಲಲ್ಲಿ ದನಕ್ಕೆ ಮೇವು ಹಾಕಿ ಬಂದಾಗ ಅಡುಗೆಮನೆಯಿಂದ ಕೆಮ್ಮು ಕೇಳಿಸಿತು. ಒಳಗೆ ಮುಕ್ತಾ ಒಲೆಯ ಮುಂದೆ ಮೊಣಕಾಲೂರಿ ಕೂತಿದ್ದಳು. ಕೈಯಲ್ಲಿ ಊದುಗೊಳವೆ. ಬೂದಿ ಮುಚ್ಚಿದ ಕೆಂಡಕ್ಕೆ ಗೋವಿನಜೋಳದ ದಿಂಡು ಒಡ್ಡಿ, ಕೆನ್ನೆ ಉಬ್ಬಿಸಿ ಊದುತ್ತಿದ್ದಳು. ಬೆಂಕಿ ಹತ್ತಿರಲಿಲ್ಲ, ಬರೀ ಹೊಗೆ. ಊದುವುದು, ಕೆಮ್ಮುವುದು, ಸೆರಗಿಲ್ಲದ್ದಕ್ಕೆ ಫ್ರಾಕಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುವುದು, ಮತ್ತೆ ಊದುವುದು.

"ಏನ್ ಮಾಡಾಕತ್ತಿ? ಏಳು, ಏಳು ಮ್ಯಾಲ!"

"ರೂಢಿ ಮಾಡ್ಕೊಳಾಕತ್ತೇನವ್ವಾ." ಅವಳ ಕಣ್ಣು ಕೆಂಪಗಿದ್ದವು. "ಸಾಲ್ಯಾಗ ನನಗ ಊದಾಕ ಬರಲಿಲ್ಲಲ್ಲ, ಅದಕ್ಕ ಸಾಲಿ ಬಿಡಿಸ್ಯಾರ. ಸೋಮವಾರ ಚೊಲೊ ಊದಿದ್ರ ಧಾರವಾಡದವರು ಮನಿಗೆ ಕಳಸ್ತಾರ, ಹೌದಲ್ಲ? ಆಯಿ ಮುದುಕಿ ಆದ್ರೂ ಇದನ್ನ ಊದಿ ಊದಿ ಗಟ್ಟಿ ಆಗ್ಯಾಳ."

ದಾನೇಶ್ವರಿ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಎತ್ತಿಕೊಳ್ಳುವ ವಯಸ್ಸಲ್ಲ, ಮಗಳ ಕಾಲು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವು. ಬಾವಿಯ ಕಟ್ಟೆಯ ಮೇಲೆ ಕೂರಿಸಿ, ನೀರು ಚಿಮುಕಿಸಿ ಮುಖ ತೊಳೆದಳು. ಮಗಳ ಎದೆ ಏರಿ ಇಳಿಯುತ್ತಿತ್ತು, ಒಳಗೆ ಸಣ್ಣಗೆ ಸಿಳ್ಳಿನಂಥ ಸದ್ದು.

"ಮುಕ್ತಾ, ಇಲ್ಲಿ ನೋಡು. ನೀ ಚೊಲೊ ಊದಿದ್ದಿ. ನಿಂದೇನೂ ತಪ್ಪಿಲ್ಲ."

"ಮತ್ತ?"

"ಸುಳ್ಳ ಹೇಳಿದ್ದು ನಾನು. ನಿನಗೂ ಹೇಳಿಸಿದೆ."

ಮುಕ್ತಾ ಫ್ರಾಕಿನ ತುದಿಯಿಂದ ಮುಖ ಒರೆಸಿಕೊಂಡಳು. "ಪಡಸಾಲ್ಯಾಗ ಅಂದಿದ್ದಾ?"

"ಹೂಂ."

"ಅದು ನನಗ ಗೊತ್ತಿತ್ತು, ಸುಳ್ಳ ಅಂತ," ಎಂದಳು ಮಗಳು. "ನೀ ಹೇಳಿದಿ ಅಂತ ಹೇಳ್ದೆ."

ಅಲ್ಲಿಂದಲೇ, ಒದ್ದೆ ಕೈಯಿಂದಲೇ, ದಾನೇಶ್ವರಿ ಸುನಂದಾಳಿಗೆ ಫೋನ್ ಹಚ್ಚಿದಳು. ಏನೇನೋ ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಇಷ್ಟು, "ಬಾಯಾರ, ಅವತ್ತ ನಾವು ಗ್ಯಾಸಿನ ಮ್ಯಾಲ ಮಾಡಿದ್ದು ನೀವು ಬರ್ತೀರಂತ. ದಿನಾ ಒಲಿನ. ಮುಕ್ತಾ ಒಲಿ ಬಾಜೂಕ ಕುಂಡ್ರತಿದ್ಲು. ನಾನ ಕುಂದರಸ್ಕೊತಿದ್ದೆ."

ಆ ಕಡೆ ಬಸ್ಸೊಂದು ಹಾದುಹೋದದ್ದು ಕೇಳಿಸಿತು. ಬೈದಿದ್ದರೆ ಒಳ್ಳೆಯದಿತ್ತು.

"ನಾಳೆ ಬರ್ತೇವ್ರಿ ಅಕ್ಕಾರ," ಎಂದಳು ಸುನಂದಾ. "ಪೆಟಿಗಿ ತಗೊಂಡು."

ರವಿವಾರ ಅವರು ಬರುವಾಗ ಸಂಜೆಯಾಗಿತ್ತು. ಜೊಯಿಡಾ ಕಡೆಯ ಊರಿನಿಂದ ನೇರ ಬಂದಿದ್ದರು, ಜೀಪಿನ ತುಂಬ ಕೆಂಪು ಧೂಳು. ದಾನೇಶ್ವರಿ ಕಸ ಗುಡಿಸಿರಲಿಲ್ಲ. ಬೇಕೆಂದೇ ಗುಡಿಸಿರಲಿಲ್ಲ, ಆದರೂ ಅವರು ಹೊಸ್ತಿಲು ದಾಟುವಾಗ ಕೈ ತಾನಾಗಿಯೇ ಕಸಬರಿಗೆಯತ್ತ ಹೋಯಿತು. ತಡೆದುಕೊಂಡಳು. ಸುನಂದಾ ಮೊದಲ ಸಲ ಅಡುಗೆಮನೆಯೊಳಗೆ ಬಂದು, ಕಿಡಕಿಯ ಕೆಳಗಿನ ಗೋಡೆಯನ್ನು ನೋಡಿದಳು. ಬೆರಳಿಟ್ಟು ನೋಡಲಿಲ್ಲ.

"ನೀವು ಹೇಳಿದ್ರಿ, ಹೆಂಗ ಇರ್ತೀರಿ ಹಂಗ ಇರ್ರಿ ಅಂತ," ಎಂದಳು ದಾನೇಶ್ವರಿ. ತಲೆ ಎತ್ತಲಾಗಲಿಲ್ಲ. "ನಮಗ ಆಗಲಿಲ್ರಿ."

"ನಮ್ಮವ್ವ ಆಗಿದ್ರೂ ಸುಣ್ಣಾ ಬಳೀತಿದ್ಲು, ಅಕ್ಕಾರ. ನಾ ಒಳಗ ಬಂದ ನೋಡಬೇಕಿತ್ತು. ಪಡಸಾಲ್ಯಾಗ ಚಹಾ ಕುಡದು ಹೋದೆ." ಸುನಂದಾಳ ಮುಖವೂ ಕೆಂಪಾಗಿತ್ತು. ನಾಳೆ ಜೀಪು ಬರುವುದು ಬರುತ್ತದೆ, ಡಾಕ್ಟರ್ ಮೇಡಮ್ ಒಮ್ಮೆ ಎಕ್ಸರೇ ತೆಗೆಸಿಯೇ ತೀರುತ್ತಾರೆ ಎಂದೂ ಹೇಳಿದಳು. ಆದರೆ ಈ ಪೆಟ್ಟಿಗೆ ಏನು ಹೇಳುತ್ತದೆಂದು ತಿಳಿದರೆ ಮಗುವನ್ನು ಅಲ್ಲಿ ಇಟ್ಟುಕೊಳ್ಳುವ ಪ್ರಸಂಗ ಬರಲಿಕ್ಕಿಲ್ಲ. ಓಣಿಯ ಉಳಿದ ಮನೆಗಳನ್ನೂ ಮತ್ತೆ ಅಳೆಯಬೇಕಾಗುತ್ತದೆ.

"ಎಲ್ಲಿ ಹಾಕೂಣ್ರಿ?" ಶರಣಬಸವ ಕೇಳಿದ. ಅವನ ಕೈಯಲ್ಲಿ ಪೆಟ್ಟಿಗೆ.

ದಾನೇಶ್ವರಿ ಪಡಸಾಲೆಗೆ ಹೋಗಿ ಮಣೆಯನ್ನು ತಂದು ಕಿಡಕಿಯ ಕೆಳಗೆ, ಅದರ ಜಾಗದಲ್ಲಿ ಇಟ್ಟಳು. "ಇಲ್ಲಿ."

ಅಲ್ಲಿ ಮೊಳೆ ಇರಲಿಲ್ಲ. ಜೀಪಿನಲ್ಲಿ ಒಂದು ಸ್ಟ್ಯಾಂಡ್ ಇದೆ, ತರುತ್ತೇನೆ ಎಂದು ಅವನು ಹೊರಟ. "ಅಲ್ಲೀತನಕ ಕೊಡ್ರಿ ಇಲ್ಲೆ," ಎಂದು ಅವಳು ಪೆಟ್ಟಿಗೆ ತೆಗೆದುಕೊಂಡು ಮಣೆಯ ಮೇಲೆ ಕೂತಳು. ಆ ಮಣೆಯ ಮೇಲೆ ಅವಳು ಎಂದೂ ಕೂತಿರಲಿಲ್ಲ. ಮೊಣಕಾಲು ಎದೆಗೆ ಬಂದವು. ಅತ್ತೆ ಒಲೆ ಹಚ್ಚಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಒಲೆಯ ಬಾಯಿಯ ಮುಂದೆ ಕೂತು ಇಷ್ಟು ವರ್ಷ ಅಡುಗೆ ಮಾಡಿದವಳು ದಾನೇಶ್ವರಿ. ಹೊಗೆ ತನ್ನ ಕಡೆಗೆ ಬರುವುದು ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡಿರಲಿಲ್ಲ. ಹಿತ್ತಲ ಬಾಗಿಲ ಗಾಳಿ ಹೊಗೆಯನ್ನು ಒಲೆಯಿಂದ ಎತ್ತಿ, ಕಿಡಕಿಯತ್ತ ಒಯ್ಯುತ್ತಿತ್ತು. ಕಿಡಕಿಯಿಂದ ಹೊರಹೋಗುವ ಮುಂಚೆ ಅದು ಮಣೆಯ ಮೇಲೆ ಹಾಯುತ್ತಿತ್ತು. ಮೊದಲು ಕಣ್ಣು ಉರಿದವು. ಆಮೇಲೆ ಗಂಟಲು.

ಮುಕ್ತಾಳನ್ನು ಒಳಗೆ ಬಿಟ್ಟಿರಲಿಲ್ಲ. ಅವಳು ಅಂಗಳದ ಕಡೆಯ ಬಾಗಿಲಲ್ಲಿ ಸುನಂದಾಳ ಕೈ ಹಿಡಿದು ನಿಂತು ನೋಡುತ್ತಿದ್ದಳು.

"ಅವ್ವಾ, ಅಷ್ಟ ಮ್ಯಾಲ ಹಿಡೀಬ್ಯಾಡ," ಎಂದಳು. "ನಾ ಬರೀವಾಗ ಬಗ್ಗಿರತೇನಿ."

ದಾನೇಶ್ವರಿ ಪೆಟ್ಟಿಗೆಯನ್ನು ಇಳಿಸಿದಳು.

"ಇನ್ನಷ್ಟ."

ಇನ್ನಷ್ಟು ಇಳಿಸಿದಳು. ತಾನೂ ಬಗ್ಗಿದಳು, ಮುಖ ಪೆಟ್ಟಿಗೆಯ ಸಮಕ್ಕೆ ಬರುವಷ್ಟು. ಅಲ್ಲಿ ಹೊಗೆ ಇನ್ನೂ ದಟ್ಟವಾಗಿತ್ತು. ಹಸಿರು ದೀಪ ಮಸುಕಾಗಿ ಕಾಣುತ್ತಿತ್ತು. ಕೆಮ್ಮು ಬಂತು, ತಡೆಯಲಾಗಲಿಲ್ಲ.

"ಏಳ ಯವ್ವಾ," ಗುರುಬಸವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಆ ಹುಡುಗ ಸ್ಟ್ಯಾಂಡ್ ತರ್ತಾನಲ್ಲ, ಸುಮ್ನ ಯಾಕ ಕುಂತಿ?"

"ನೀವು ಬಡೀರಿ ಅತ್ತಿ," ಎಂದಳು ದಾನೇಶ್ವರಿ.

ಗುರುಬಸವ್ವ ಸೊಸೆಯನ್ನು ನೋಡಿದಳು, ಮಣೆಯನ್ನು ನೋಡಿದಳು. ಅವಳ ಕಣ್ಣಲ್ಲೂ ನೀರು ಬಂತು. ಹೊಗೆಗೇ ಇರಬೇಕು. ಆಮೇಲೆ ಅವಳ ಕೈ ರೊಟ್ಟಿ ಬಡಿಯತೊಡಗಿತು, ತಟಪಟ, ತಟಪಟ. ಬಾಗಿಲಲ್ಲಿ ನಿಂತಿದ್ದ ಮುಕ್ತಾ ಆ ಸದ್ದು ಕೇಳಿ, ಯಾರೂ ಹೇಳದಿದ್ದರೂ, ರೂಢಿಯಂತೆ ಏಳರ ಮಗ್ಗಿ ಹೇಳಲು ಶುರುಮಾಡಿದಳು.